ನೆಳ್ಳವ್ವನ ದಾಳ

ಹೋದ ವಾರ ಅಡಕೆ ಎಂದು ತಿಳಿದು ದಾಳವೊಂದನ್ನು ಬಾಯಿಗೆ ಹಾಕಿಕೊಂಡೆ. ಊಟವಾಗಿತ್ತು, ಅವ್ವನ ಚಂಚಿ ಕಟ್ಟೆಯ ಮೇಲಿತ್ತು. ಚಂಚಿ ಅಂದರೆ ಎಲೆ, ಅಡಕೆ, ಸುಣ್ಣದ ಡಬ್ಬಿ, ಲವಂಗ ಎಲ್ಲಕ್ಕೂ ಒಂದೊಂದು ಬೇರೆ ಹೊಟ್ಟೆ ಇರುವ ಬಟ್ಟೆಯ ಚೀಲ. ಅದರೊಳಗೆ ನೋಡದೆ ಕೈ ಹಾಕುವುದು ನನ್ನ ಸಣ್ಣಂದಿನ ಚಾಳಿ. ದುಂಡಗಿನದೇನೋ ಕೈಗೆ ಸಿಕ್ಕಿತು, ಬಾಯಿಗೆ ಹೋಯಿತು, ಕಟ್ ಎಂದು ಸದ್ದಾಯಿತು. ಸದ್ದು ಮಾಡಿದ್ದು ಅಡಕೆಯಲ್ಲ, ನನ್ನ ದವಡೆ. ತೆಗೆದು ನೋಡಿದರೆ ನೀಲಿ ಬಣ್ಣದ, ಇಪ್ಪತ್ತು ಮುಖದ ದಾಳ. ಮೈಮೇಲೆ ಅಲ್ಲಲ್ಲಿ ಸುಣ್ಣ ಮೆತ್ತಿಕೊಂಡು, ಲವಂಗದ ವಾಸನೆ ಹಿಡಿದುಕೊಂಡು, ಬಹಳ ದಿನದಿಂದ ಅಲ್ಲೇ ಸಂಸಾರ ಮಾಡಿಕೊಂಡಿದ್ದ ಹಾಗೆ ಕಾಣುತ್ತಿತ್ತು.

ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಅವ್ವ, ಅವಳಾಚೆ ಗಂಗತ್ತಿ ಕೂತಿದ್ದರು. ಗಂಗತ್ತಿ ನನ್ನ ಅಪ್ಪನ ತಂಗಿ. ಅವಳನ್ನು ಊರಲ್ಲೇ, ಅದೂ ನಮ್ಮ ಪಕ್ಕದ ಮನೆಗೇ ಕೊಟ್ಟಿದ್ದರಿಂದ ನಮಗೂ ಅವಳಿಗೂ ನಡುವೆ ಒಂದು ಗೋಡೆ ಮಾತ್ರ. ಇಬ್ಬರೂ ಓಣಿಯಲ್ಲಿ ಹೋಗುತ್ತಿದ್ದ ನೂಲಿನ ಗಾಡಿಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು. ನಮ್ಮ ಬನಹಟ್ಟಿಯಲ್ಲಿ ನೂಲಿನ ಗಾಡಿ ಅಷ್ಟು ನೋಡುವಂಥ ವಸ್ತುವೇನಲ್ಲ. ನಾನು ದಾಳವನ್ನು ಅಂಗೈಯಲ್ಲಿಟ್ಟುಕೊಂಡು ಕೂತೆ. ಕಣ್ಣು ಜಡವಾದವು. ಊಟದ ಮೇಲಿನ ಜೊಂಪೋ, ನೆನಪಿನ ಜೊಂಪೋ ಹೇಳಲಾರೆ.

ಈ ದಾಳವನ್ನು ಮನೆಗೆ ತಂದವಳು ನನ್ನ ಮಗಳು ನಂದಾ. ಧಾರವಾಡದ ಹಾಸ್ಟೆಲಿನಲ್ಲಿದ್ದು ಓದುವಾಗ ಅವಳು ಎರಡು ವಿದ್ಯೆ ಕಲಿತಳು. ಒಂದು ರಸಾಯನಶಾಸ್ತ್ರ, ಅದರಿಂದ ಜಮಖಂಡಿಯ ಕಾಲೇಜಿನಲ್ಲಿ ಓದಿಸುವ ಕೆಲಸ ಸಿಕ್ಕಿತು. ಇನ್ನೊಂದು ಈ ಆಟ, ಅದರಿಂದ ನಮ್ಮ ಮನೆಯ ರವಿವಾರದ ಮಧ್ಯಾಹ್ನದ ನಿದ್ದೆ ಹೋಯಿತು.

ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಗೊತ್ತಿದ್ದವರು ಅಷ್ಟೊತ್ತು ಎಲೆ ಹಾಕಿಕೊಳ್ಳಿ. ಒಬ್ಬರು ಕಥೆ ನಡೆಸುತ್ತಾರೆ. ಎಲ್ಲೂ ಇಲ್ಲದ ಒಂದು ನಾಡು, ಅದರಲ್ಲಿ ಕಾಡು, ಕೋಟೆ, ರಾಕ್ಷಸರು, ನಿಧಿ. ಉಳಿದವರು ಮೇಜಿನ ಸುತ್ತ ಕೂತು ತಲೆಗೊಂದು ಪಾತ್ರ ಹಂಚಿಕೊಳ್ಳುತ್ತಾರೆ. ವೇಷವಿಲ್ಲ, ಬಣ್ಣವಿಲ್ಲ, ಬಾಯಿ ಮಾತ್ರ. ‘ಗೋಡೆ ಹತ್ತುತ್ತೇನೆ’ ಎಂದು ಹೇಳಿ ದಾಳ ಉರುಳಿಸಬೇಕು. ದೊಡ್ಡ ಸಂಖ್ಯೆ ಬಂದರೆ ಹತ್ತಿದಿರಿ, ಸಣ್ಣದು ಬಂದರೆ ಸೊಂಟ ಮುರಿಯಿತು. ನಮ್ಮ ಮನೆಯಲ್ಲಿ ಮೇಜಿಲ್ಲ. ಆದ್ದರಿಂದ ಪಡಸಾಲೆಯಲ್ಲಿ ಜಮಖಾನೆ ಹಾಸಿಕೊಂಡು, ನಡುವೆ ಚುರುಮುರಿಯ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದೆವು.

ಆ ನಾಡಿನ ನಕಾಶೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಸಾಲೆಯಲ್ಲಿ ಚಿತ್ರಕಲೆ ಕಲಿಸುವವನು. ನಾನು ಬರೆದ ಕುದುರೆಯನ್ನು ನೋಡಿ ಮಕ್ಕಳು ಮುಧೋಳ ನಾಯಿ ಎನ್ನುತ್ತಾರೆ, ಇರಲಿ. ನಂದಾ ಕೇಳಿದ್ದು ಹಿಮದ ಬೆಟ್ಟ, ದೇವದಾರುಗಳ ಕಾಡು. ಅವು ನನ್ನ ಕೈಗೆ ಬರಲಿಲ್ಲ. ಬೆಟ್ಟ ಬರೆಯಹೋದರೆ ಜಮಖಂಡಿಯ ಕಲ್ಲುಗುಡ್ಡವಾಯಿತು, ಗುಡ್ಡದ ಮೇಲಿನ ಹಳೇ ಅರಮನೆ ತಾನಾಗಿ ಬಂದು ಕೂತಿತು. ಕಾಡು ಬರೆದರೆ ಸಮೀರವಾಡಿಯ ದಾರಿಯ ಕಬ್ಬಾಯಿತು. ನಾಗಗಳು ಮಲಗುವ ಪಾತಾಳದ ಬಾವಿ ಎಂದಳು. ನಾನು ಬರೆದದ್ದು ಬೀಳಗಿಯ ಮೆಟ್ಟಿಲು ಬಾವಿ, ಸಣ್ಣವನಿದ್ದಾಗ ಅದರ ನೀರಿಗೆ ಬಗ್ಗಿ ನನ್ನ ಹೆಸರು ಕೂಗಿ, ಯಾರೋ ಕೆಳಗಿನಿಂದ ಓಗೊಟ್ಟ ಹಾಗಾಗಿ ಓಡಿ ಬಂದ ಬಾವಿ. ಕುದುರೆ ಸವಾರರೆಲ್ಲ ಸಹಜವಾಗಿಯೇ ತೆಳುಸೊಂಟದ ನಾಯಿಗಳ ಮೇಲೆ ಕೂತರು. ಮೂಲೆಯಲ್ಲಿ ಕೃಷ್ಣೆ ಹರಿದಳು. ಬರೆಯುತ್ತ ಬರೆಯುತ್ತ ಎಲ್ಲಿ ನಮ್ಮ ಸೀಮೆ ಮುಗಿದು ಎಲ್ಲಿ ಆ ನಾಡು ಸುರುವಾಗುತ್ತದೆ ಎಂಬುದು ನನಗೇ ತಪ್ಪಿಹೋಯಿತು. ಇವತ್ತಿಗೂ ಸಂಜೆಯ ಬಸ್ಸಿನಲ್ಲಿ ಜಮಖಂಡಿಯಿಂದ ಬರುವಾಗ, ಗಾಳಿಗೆ ಸಕ್ಕರೆ ಕಾರ್ಖಾನೆಯ ಕಾಕಂಬಿಯ ಸಿಹಿ ವಾಸನೆ ತೇಲಿ ಬಂದರೆ, ಕಬ್ಬಿನ ನಡುವೆ ಯಾರೋ ಸದ್ದಿಲ್ಲದೆ ನಡೆದುಹೋದ ಹಾಗೆ ಅನಿಸುತ್ತದೆ. ಕಂಡಕ್ಟರ್ ಎಬ್ಬಿಸುವವರೆಗೂ ನಾನು ಆ ನಾಡಿನಲ್ಲೇ ಇರುತ್ತೇನೆ.

ಈ ಆಟದಲ್ಲಿ ವೀರನೊಬ್ಬ, ಮಾಂತ್ರಿಕನೊಬ್ಬ, ಗಾಯಕ್ಕೆ ಮದ್ದು ಹಾಕುವವರೊಬ್ಬರು ಇರುವುದು ಸರಿಯೇ. ಕಳ್ಳನೂ ಇರಲೇಬೇಕಂತೆ. ಒಳ್ಳೆಯ ಕೆಲಸಕ್ಕೆ ಹೊರಟ ಮಂದಿಗೆ ಕಳ್ಳನ ಸಹವಾಸ ಯಾಕೆ ಎಂದು ನಾನು ಮೊದಲ ದಿನವೇ ತಕರಾರು ತೆಗೆದೆ. ಆಡುತ್ತ ಹೋದಂತೆ ಗೊತ್ತಾಯಿತು. ವೀರ ಬಾಗಿಲಿಗೆ ಒದ್ದರೆ ಇಡೀ ಕೋಟೆ ಎಚ್ಚರಾಗುತ್ತದೆ. ಮಾಂತ್ರಿಕ ಮಂತ್ರ ಹಾಕಿದರೆ ಬಾಗಿಲಿನ ಜೊತೆ ಅವನ ಮೀಸೆಯೂ ಸುಡುತ್ತದೆ. ಕಳ್ಳ ಮಾತ್ರ ಬಾಗಿಲಿಗೆ ಕಿವಿ ಹಚ್ಚಿ ನಿಲ್ಲುತ್ತಾನೆ. ಒಳಗೆ ಮಲಗಿದವರ ಉಸಿರು ಎಣಿಸುತ್ತಾನೆ. ಹೆಬ್ಬೆರಳಿನಿಂದ ನೆಲ ಮುಟ್ಟಿ ನೋಡಿ, ಯಾವ ಕಲ್ಲು ಅಲುಗುತ್ತದೆ ಎಂದು ಹೇಳುತ್ತಾನೆ. ಎಲ್ಲರಿಗಿಂತ ಮುಂದೆ ಹೋಗುವವನು ಅವನೇ, ಕೊನೆಗೆ ಹಾಡಿನಲ್ಲಿ ಹೆಸರು ಬರುವುದು ವೀರನದು.

ಕೂಡು ಕುಟುಂಬದಲ್ಲಿ ಬೆಳೆದವರಿಗೆ ಈ ಪಾತ್ರ ಹೊಸದಲ್ಲ. ನಮ್ಮ ಮನೆಯಲ್ಲಿ ಆ ಕೆಲಸ ಅವ್ವನದಾಗಿತ್ತು. ಅಪ್ಪನಿಗೆ ಸಿಟ್ಟು ಇಳಿದಿದೆಯೋ ಇಲ್ಲವೋ ಎಂಬುದನ್ನು ಅವನ ಮಗ್ಗದ ಸಪ್ಪಳದಿಂದಲೇ ತಿಳಿದು, ಈಗ ಹೋಗು, ಸಾಲೆಯ ಪ್ರವಾಸದ ಮಾತು ಈಗ ತೆಗಿ ಎಂದು ನನ್ನನ್ನು ಒಳಗೆ ಕಳಿಸುತ್ತಿದ್ದವಳು ಅವಳು. ಮುಚ್ಚಿದ ಎಷ್ಟೋ ಬಾಗಿಲುಗಳನ್ನು ಅವಳು ಸಪ್ಪಳ ಮಾಡದೆ ತೆರೆದಿದ್ದಾಳೆ. ಕಳ್ಳರ ಮೇಲೆ ಅವಳಿಗೆ ಮೊದಲಿನಿಂದಲೂ ಒಂದು ಕರುಣೆ. ಹೋಳಿಹುಣ್ಣಿಮೆ ಬಂತೆಂದರೆ ಕಾಮಣ್ಣನನ್ನು ಸುಡಲು ಕಟ್ಟಿಗೆ, ಕುಳ್ಳು ಎಂದರೆ ಬೆರಣಿ, ಕದಿಯುವುದು ನಮ್ಮ ಕಡೆ ಹುಡುಗರ ಹಕ್ಕು. ಕೇಳಿ ತಂದ ಕುಳ್ಳಿನಿಂದ ಕಾಮಣ್ಣ ಸುಡುವುದಿಲ್ಲ ಎಂದೇ ನಾವು ನಂಬಿದ್ದೆವು. ಅವ್ವ ಹಿತ್ತಲ ಬಾಗಿಲ ಹೊರಗೆ ಒಂದು ಒಟ್ಟು ಕುಳ್ಳು ಇಟ್ಟು, ಮೇಲೆ ಮುರಿದ ಮಗ್ಗದ ಕಾಲೊಂದನ್ನು ಇಟ್ಟು, ಬೇಗ ಮಲಗಿಬಿಡುತ್ತಿದ್ದಳು. ಮುಂಜಾನೆ ಎದ್ದು ಓಣಿಯ ಹುಡುಗರನ್ನೆಲ್ಲ ಹೆಸರು ಹಿಡಿದು ಬೈಯುವಾಗ ಅವಳ ಮುಖದಲ್ಲಿ ಹಬ್ಬದ ಕಳೆ ಇರುತ್ತಿತ್ತು. ಪಕ್ಕದಲ್ಲೇ ಗಂಗತ್ತಿ ತನ್ನ ಕುಳ್ಳಿನ ಒಟ್ಟಿಗೆ ಹೊರಸಿನ ಮಂಚ ಅಡ್ಡ ಹಾಕಿಕೊಂಡು, ಕೈಯಲ್ಲಿ ಬಡಿಗೆ ಹಿಡಿದು ಕೂತಿರುತ್ತಿದ್ದಳು. ಆ ಒಟ್ಟಿನಿಂದ ಒಂದು ಕುಳ್ಳು ಕದ್ದೆನೆಂದು ಹೇಳಿಕೊಳ್ಳುವ ಗಂಡಸು ನಮ್ಮ ಓಣಿಯಲ್ಲಿ ಇವತ್ತಿಗೂ ಇಲ್ಲ. ಅತ್ತಿ ಕಟ್ಟುನಿಟ್ಟಿನ ಹೆಂಗಸು. ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ. ಹೇಳಬೇಕಾದ ಮಾತೊಂದನ್ನು ಮಾತ್ರ ಹೇಳದೆ ಉಳಿಸಿಕೊಂಡಿದ್ದಳು, ಅದನ್ನೇ ಹೇಳಲು ಹೊರಟಿದ್ದೇನೆ.

ಅದಕ್ಕೂ ಮೊದಲು ನಮ್ಮೂರಿನ ದನಿಯ ಬಗ್ಗೆ ಒಂದು ಮಾತು. ಬನಹಟ್ಟಿಯಲ್ಲಿ ಪಿಸುಮಾತು ಎಂಬುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಪಾವರ್‌ಲೂಮುಗಳ ಖಟಾಖಟ ಖಟಾಖಟ. ಆ ಸಪ್ಪಳದ ಮೇಲೆ ಹತ್ತಿ ನಿಂತೇ ಮಾತಾಡಬೇಕು. ಹೆಂಡತಿಯ ಹತ್ತಿರ ಹೇಳುವ ಗುಟ್ಟನ್ನೂ ನಮ್ಮವರು ಕೂಗಿಯೇ ಹೇಳುತ್ತಾರೆ, ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ, ಯಾಕೆಂದರೆ ಲೂಮು ಅದನ್ನು ಅಲ್ಲೇ ನುಂಗುತ್ತದೆ. ತೊಂದರೆ ಆಗುವುದು ಲೂಮು ನಿಂತಾಗ. ಊರು ಫಕ್ಕನೆ ಸುಮ್ಮನಾಗುತ್ತದೆ, ನಮ್ಮ ಗಂಟಲಿಗೆ ಅದು ತಿಳಿಯುವುದು ತಡ. ಬೇರೆ ಊರಿನಿಂದ ಬಂದ ಬೀಗರು ನಮ್ಮನ್ನು ಜಗಳಗಂಟರೆಂದು ತಿಳಿಯುವುದು ಇದರಿಂದಲೇ.

ನನ್ನ ತಂಗಿಯ ಮದುವೆಯ ದಿನ ಓಣಿಯ ಲೂಮುಗಳನ್ನೆಲ್ಲ ನಿಲ್ಲಿಸಿದ್ದರು. ಲಗ್ನದ ಮನೆಯ ಗೌರವಕ್ಕೆ ಅದು ರೂಢಿ. ಬೀಗರು ಬಂದು ಪಡಸಾಲೆ ತುಂಬಿತ್ತು. ಆರತಿಯ ತಟ್ಟೆಗೆ ಬೆಳ್ಳಿಯ ಕುಂಕುಮ ಭರಣಿ ಬೇಕಾಯಿತು, ಅದು ಕಾಣಲಿಲ್ಲ. ಅದು ಅತ್ತಿಯ ಭರಣಿ, ಅವಳ ಅವ್ವ ಕೊಟ್ಟದ್ದು, ಆರತಿಗೆಂದು ನಮ್ಮ ಮನೆಗೆ ತಂದಿಟ್ಟಿದ್ದಳು. ಅತ್ತಿ ದೇವರ ಕೋಣೆಯಿಂದ ಹೊರಗೆ ಬಂದು, ದಿನವೂ ಕೇಳುವ ದನಿಯಲ್ಲೇ, ಅಂದರೆ ಲೂಮಿನ ಮೇಲಿನ ದನಿಯಲ್ಲಿ, ಅವ್ವನನ್ನು ಕೇಳಿದಳು:

“ವೈನೀ, ನನ್ನ ಬೆಳ್ಳಿ ಭರಣಿ ಕಾಣವಲ್ದು. ನೀ ಏನರ ತಗೊಂಡಿಯೇನು?”

ಲೂಮು ನಡೆದಿದ್ದರೆ ಅದು ಅತ್ತಿಗೆ ನಾದಿನಿಯರ ನಡುವಿನ ಒಂದು ಮಾತಾಗಿ ಹೋಗುತ್ತಿತ್ತು. ಅವತ್ತು ಅದು ಪಡಸಾಲೆ ದಾಟಿ ಹಂದರ ದಾಟಿ ಓಣಿಗೆ ಹೋಯಿತು. ಬೀಗರೆಲ್ಲ ತಿರುಗಿ ನೋಡಿದರು. ಅವ್ವ ಕೈಯಲ್ಲಿದ್ದ ಅಕ್ಕಿಯ ತಟ್ಟೆಯನ್ನು ಕೆಳಗಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಭರಣಿ ಆರತಿಯ ತಟ್ಟೆಯಲ್ಲಿ ಬಂದು ಕೂತಿತ್ತು. ಎಲ್ಲಿ ಸಿಕ್ಕಿತೆಂದು ಅತ್ತಿ ಯಾರಿಗೂ ಹೇಳಲಿಲ್ಲ.

ಆಮೇಲೆ ಇಬ್ಬರೂ ಮಾತು ಬಿಟ್ಟರು. ನಂದಾ ಆಗಿನ್ನೂ ಹುಟ್ಟಿರಲಿಲ್ಲ ಎಂದರೆ ಎಷ್ಟು ಹಳೆಯದೆಂದು ನೀವೇ ಊಹಿಸಿ. ಆದರೆ ಅತ್ತಿ ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ. ಅವಳು ಮಾತು ಬಿಟ್ಟದ್ದು ಅವ್ವನ ಜೊತೆ, ಮನೆಯ ಜೊತೆಯಲ್ಲ. ಹೇಳುವುದೇನಾದರೂ ಇದ್ದರೆ ನಡುವೆ ನಮ್ಮ ಮನೆಯಲ್ಲಿ ಆಗ ಯಾವ ಬೆಕ್ಕಿದೆಯೋ ಅದು ಇರುತ್ತಿತ್ತು. “ಬೆಕ್ಕೇ, ಒಲಿ ಮ್ಯಾಲ ಹಾಲ ಉಕ್ಕಾಕತ್ತೈತಿ ಅಂತ ಹೇಳು” ಎಂದು ಅತ್ತಿ. “ಬೆಕ್ಕೇ, ನಾ ಏನ ಕುರ್ಡಿ ಅಲ್ಲ ಅಂತ ಹೇಳು” ಎಂದು ಅವ್ವ. ಇದು ಕೇಳಲು ಚೆಂದ, ನಾವೂ ನಗುತ್ತಿದ್ದೆವು. ಅಪ್ಪ ತೀರಿಕೊಂಡಾಗ ಮಾತ್ರ ನಗು ಬರಲಿಲ್ಲ. ಅತ್ತಿ ಅವ್ವನ ಪಕ್ಕದಲ್ಲೇ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ದಿನವಿಡೀ ಕೂತಿದ್ದಳು. ಇಬ್ಬರ ಬಾಯಿಂದಲೂ ಒಂದು ಮಾತು ಹೊರಡಲಿಲ್ಲ. ಅದನ್ನು ನೋಡಿ ನನಗೆ ಅಪ್ಪನಿಗಾಗಿ ಅತ್ತದ್ದಕ್ಕಿಂತ ಹೆಚ್ಚು ಅಳು ಬಂತು.

ಇಬ್ಬರಿಗೂ ನಾನು ಕೈ ಮುಗಿದು ಹೇಳಿ ನೋಡಿದ್ದೆ. ಅತ್ತಿಯದು ಒಂದೇ ಮಾತು: “ನಾ ಬರೇ ಕೇಳೀನಿ. ಕೇಳೂದ ತಪ್ಪೇನು?” ಅವ್ವನದೂ ಒಂದೇ ಮಾತು: “ಅಷ್ಟ ಮಂದಿ ಮುಂದ ಕೇಳಿದ್ಲು. ‘ಅಕಿ ತಗೊಂಡಿಲ್ಲ’ ಅಂತ ಮಂದಿ ಮುಂದನ ಹೇಳಲಿ. ಕಾಲಿಗೆ ಬೀಳೂದ ಬ್ಯಾಡ, ಏನ ಬ್ಯಾಡ. ಅಷ್ಟ ಅಂದ್ರ ಸಾಕು, ನಾ ನೆಮ್ಮದೀಲೆ ಸಾಯ್ತೇನಿ.” ಮಂದಿ ಎಂದೋ ಮರೆತಿದ್ದಾರೆ ಎಂದು ನಾನು ಹೇಳಿದರೆ, “ನಾ ಮರತಿಲ್ಲ” ಎನ್ನುತ್ತಿದ್ದಳು.

ನಂದಾ ಆಟದ ಪೆಟ್ಟಿಗೆ ತಂದ ಮೊದಲ ರವಿವಾರ ಪಾತ್ರಗಳ ಚಿತ್ರದ ಹಾಳೆಗಳನ್ನು ಜಮಖಾನೆಯ ಮೇಲೆ ಹರಡಿದಳು. ಅವ್ವ ಮದ್ದು ಹಾಕುವವಳನ್ನು ಆರಿಸುತ್ತಾಳೆಂದು ನಾವೆಲ್ಲ ತಿಳಿದಿದ್ದೆವು. ಅವ್ವ ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ನೋಡಿ, ಮುಸುಕು ಹಾಕಿ ಗೋಡೆಗೆ ಆತು ನಿಂತ ಹೆಂಗಸಿನ ಮೇಲೆ ಬೆರಳಿಟ್ಟಳು.

“ಇಕಿ ಯಾರವಾ?”

“ಅಕಿ ಕಳ್ಳಿ, ಆಯಿ. ನಿನಗ ಅದ ಬ್ಯಾಡ” ಎಂದಳು ನಂದಾ ಅಜ್ಜಿಗೆ.

“ಇರಲಿ. ಹೆಂಗೂ ಒಮ್ಮಿ ಅನಿಸಿಕೊಂಡೇನಿ. ಆಡೂದರ ಆಡ್ತೇನಿ.”

ನಾನು ತಲೆ ಬಗ್ಗಿಸಿ ನಕಾಶೆಗೆ ಬಣ್ಣ ಹಚ್ಚುತ್ತಿದ್ದೆ. ಮೇಲೆ ನೋಡುವ ಧೈರ್ಯ ಬರಲಿಲ್ಲ. ಆ ಹೆಂಗಸಿಗೆ ಅವ್ವ ನೆಳ್ಳವ್ವ ಎಂದು ಹೆಸರಿಟ್ಟಳು. ನೆಳ್ಳು ಎಂದರೆ ನಮ್ಮ ಕಡೆ ನೆರಳು.

ನೆಳ್ಳವ್ವನಂಥ ಕಳ್ಳಿಯನ್ನು ಯಾವ ನಾಡೂ ಕಂಡಿರಲಾರದು. ಯಾವ ಬೀಗವಾದರೂ ತೆರೆಯುತ್ತಿದ್ದಳು, ಅವ್ವನ ಕೈಯಲ್ಲಿ ದಾಳ ಅಷ್ಟು ಚೆನ್ನಾಗಿ ಬೀಳುತ್ತಿತ್ತು. ತೆರೆದ ಮೇಲೆ ಒಳಗೆ ಹೋಗಿ ಸುತ್ತ ನೋಡಿ ಬರುತ್ತಿದ್ದಳು. ಒಂದು ಸಾಮಾನು ಮುಟ್ಟುತ್ತಿರಲಿಲ್ಲ. ಒಮ್ಮೆ ರಾಕ್ಷಸನೊಬ್ಬನ ಭಂಡಾರದಲ್ಲಿ ಚೆಲ್ಲಿದ್ದ ಮುತ್ತುಗಳನ್ನು ಗುಡಿಸಿ ಒಂದು ಮೂಲೆಗೆ ಹಾಕಿ ಬಂದಳು. ನಂದಾಗೆ ತಲೆ ಕೆಟ್ಟುಹೋಯಿತು.

“ಆಯಿ, ನೀ ಕಳ್ಳಿ. ನೀ ಕದೀಬೇಕು.”

“ಕಳ್ಳಿ ಅಂದ ಮ್ಯಾಲ ಕದೀಲೇಬೇಕೇನು?” ಎಂದಳು ಅವ್ವ, ಚುರುಮುರಿಯೊಳಗಿನ ಮೆಣಸಿನಕಾಯಿ ಹೆಕ್ಕುತ್ತ.

ನಾನು ಮಾಂತ್ರಿಕ. ನನ್ನ ಪರಾಕ್ರಮವನ್ನು ಹೆಚ್ಚು ವಿವರಿಸುವುದಿಲ್ಲ. ಕಬ್ಬಿನ ಕಾಡಿನಲ್ಲಿ ತೋಳಗಳು ಸುತ್ತುವರಿದಾಗ ನಾನು ಬೆಂಕಿಯ ಮಂತ್ರ ಹಾಕಿದೆ. ಕಾಲ ಕೆಳಗೆ ರವದಿ, ಕಬ್ಬಿನ ಒಣಗಿದ ಎಲೆ. ತೋಳಗಳು ಓಡಿಹೋದವು, ನಾನು ಓಡಲಿಲ್ಲ. ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದ ಗಂಗತ್ತಿಗೆ ತಡೆಯಲಾಗಲಿಲ್ಲ.

“ಕಬ್ಬಿನ್ಯಾಗ ನಿಂತು ಬೆಂಕಿ ಹಚ್ಚತಾನಲ್ಲ, ಇವಗ ಯಾರ ಕಲಸಿದ್ರು ಮಂತ್ರಾ?”

“ಸಣ್ಣಾಯಿ, ನೀನೂ ಬಾ, ಕುಂದರು. ನಮಗ ಒಬ್ಬರ ಕಡಿಮಿ ಅದಾರ” ಎಂದಳು ನಂದಾ.

“ನಾ ಸುಳ್ಳ ಹೇಳೂದಿಲ್ಲ, ಕದಿಯೂದಿಲ್ಲ. ಅಂಥಾ ಪಾತ್ರ ಇದ್ರ ಕೊಡು.”

ಇತ್ತು. ಸತ್ಯದ ಆಣೆ ಮಾಡಿದ ವೀರ ಹೆಂಗಸು. ಒಂದು ಸುಳ್ಳಾಡಿದರೂ ಅವಳ ಕತ್ತಿಯ ಬಲ ಹೋಗುತ್ತದೆ. ಆದರೆ ಅವಳ ಒಂದು ಮಾತಿಗೆ ರಾಜರೂ ಕಿವಿಗೊಡುತ್ತಾರೆ. ಅತ್ತಿ ಅವಳಿಗೆ ಸತ್ಯವ್ವ ಎಂದು ಹೆಸರಿಟ್ಟು, ಜಮಖಾನೆಯ ಆ ತುದಿಯಲ್ಲಿ, ಅವ್ವನಿಗೆ ಬೆನ್ನು ಅರ್ಧ ತಿರುಗಿಸಿ ಕೂತಳು.

ಮೊದಲ ಬಾಗಿಲು ಬಂದಾಗ ನಂದಾ ಹೇಳಿದಳು, ಇಬ್ಬರೂ ಬಾಗಿಲ ಮುಂದೆ ನಿಂತಿದ್ದೀರಿ, ಏನು ಮಾಡುತ್ತೀರಿ ಎಂದು. ಅತ್ತಿ ಜಂತಿಯನ್ನು ನೋಡಿದಳು. ಜಂತಿಗೇ ಹೇಳುವಂತೆ ಹೇಳಿದಳು:

“ನೆಳ್ಳವ್ವ, ಬಾಗಲಾ ನೋಡು.”

ಅವ್ವ ನಕಾಶೆಗೆ ಹೇಳಿದಳು: “ಸತ್ಯವ್ವ, ಹಿಂದಕ ಸರಿ. ನಿನ್ನ ಕಾಲಿನ ಸಪ್ಪಳಾ ಭಾಳ.”

ಒಳಗಿನಿಂದ ನನ್ನ ಹೆಂಡತಿ ಶಶಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ನನಗೆ ಉಸಿರಾಡಿದರೆ ಎಲ್ಲಿ ಕೆಡುತ್ತದೋ ಎಂಬ ಭಯ. ಅವರು ಮಾತಾಡುತ್ತಿದ್ದರು. ನೆಳ್ಳವ್ವ, ಸತ್ಯವ್ವ ಮಾತಾಡುತ್ತಿದ್ದರು, ಆದರೆ ಬಾಯಿ, ದನಿ ಅವರವೇ ಆಗಿದ್ದವು. ಆಟ ಮುಗಿದ ಮೇಲೆ ಅತ್ತಿ ಎದ್ದು ಸೆರಗು ಕೊಡವಿ, “ಬೆಕ್ಕೇ, ನಾ ಮನಿಗೆ ಹೊಂಟೆ ಅಂತ ಹೇಳು” ಎಂದು ಹೋದಳು. ಆದರೂ ಮುಂದಿನ ರವಿವಾರ ಕರೆಯುವ ಮೊದಲೇ ಬಂದಳು.

ಹೀಗೆ ಒಂದು ಬೇಸಿಗೆ ಕಳೆಯಿತು. ಹೊರಗೆ ಬಿಸಿಲು, ಒಳಗೆ ಕರೆಂಟಿನ ಪಂಖದ ಕೆಳಗೆ ನಾವು ನಾಲ್ವರು ಆ ನಾಡಿನಲ್ಲಿ ನಡೆಯುತ್ತಲೇ ಇದ್ದೆವು. ಕೃಷ್ಣೆಯನ್ನು ದಾಟಿದೆವು. ಪಾತಾಳದ ಬಾವಿಯ ಮೆಟ್ಟಿಲಿನ ಮೇಲೆ ನಾಗಗಳು ಮಲಗಿದ್ದಾಗ ನೆಳ್ಳವ್ವ ಎಲ್ಲರನ್ನೂ ಕೈ ಹಿಡಿದು ಕೆಳಗಿಳಿಸಿದಳು, ಸತ್ಯವ್ವನ ಕೈಯನ್ನೂ ಹಿಡಿದಳು. ಅರ್ಧ ನಿದ್ದೆಯಲ್ಲಿ ಕೇಳುತ್ತಿದ್ದ ನನಗೆ ಕೆಲವು ಸಲ ಅಪ್ಪನ ಕೈಮಗ್ಗದ ಲಾಳಿಯ ಸಪ್ಪಳವೂ ಆ ಬಾವಿಯಿಂದಲೇ ಬರುತ್ತಿದೆ ಎನಿಸುತ್ತಿತ್ತು.

ಕೊನೆಗೆ ಗುಡ್ಡದ ಮೇಲಿನ ಅರಮನೆಗೆ ಬಂದೆವು. ದುಷ್ಟ ಮಂತ್ರಿಯೊಬ್ಬ ರಾಣಿಯ ಕಿರೀಟವನ್ನು ಗುಟ್ಟಾಗಿ ಕದ್ದು ಭಂಡಾರದಲ್ಲಿ ಬಚ್ಚಿಟ್ಟಿದ್ದ. ಅದನ್ನು ತಂದು ರಾಣಿಗೆ ಕೊಡಬೇಕು. ಮಾಂತ್ರಿಕನನ್ನು ದೂರ ಇಡಬೇಕೆಂದು ಎಲ್ಲರೂ ಒಪ್ಪಿದರು. ನೆಳ್ಳವ್ವ ಒಬ್ಬಳೇ ಒಳಗೆ ಹೋದಳು. ನಂದಾ ಕಣ್ಣು ಮುಚ್ಚಿ ವರ್ಣಿಸುತ್ತಿದ್ದಳು: ಉದ್ದನೆಯ ಓಣಿ, ಕಂಬಗಳು, ಒಂದು ಕೋಣೆಯಲ್ಲಿ ರಾಣಿಯ ಸೀರೆ ನೇಯುವ ಮಗ್ಗ, ಹಾಸಿನ ನೂಲಿನಲ್ಲಿ ಒಂದು ಎಳೆ ಹರಿದಿದೆ, ಅದರಾಚೆ ಭಂಡಾರದ ಬಾಗಿಲು.

“ನಿಂದರು,” ಎಂದಳು ಅವ್ವ. “ಎಳಿ ಹರದೈತಿ ಅಂದಿ?”

“ಅದು ಸುಮ್ನ ಹೇಳಿದೆ ಆಯಿ. ಭಂಡಾರ ಮುಂದ ಐತಿ.”

“ಕಟ್ಟತೇನಿ.”

“ಕಾವಲದವರು ಬರಾಕತ್ತಾರ. ಹೆಜ್ಜಿ ಸಪ್ಪಳಾ ಕೇಳಸಾಕತ್ತೈತಿ.”

“ಬರಲಿ ಬಿಡು. ಹರದ ಎಳಿ ನೋಡಿ ಹ್ಯಾಂಗ ದಾಟಿ ಹೋಗಲಿ?”

ನೇಕಾರರ ಓಣಿಯಲ್ಲಿ ಬೆಳೆಯದವರಿಗೆ ಇದು ಹುಚ್ಚು ಎನಿಸಬಹುದು. ನಮ್ಮಲ್ಲಿ ಯಾರ ಮನೆಯ ಮಗ್ಗವೇ ಇರಲಿ, ಹರಿದ ಎಳೆ ಕಂಡವರು ನಿಂತು ಗಂಟು ಹಾಕಿಯೇ ಮುಂದೆ ಹೋಗಬೇಕು. ಬೀಗತನ ಮಾಡಲು ಬಂದವರೂ ಮೊದಲು ಎಳೆ ಕಟ್ಟಿ ಆಮೇಲೆ ಚಹಾ ಕುಡಿದದ್ದಿದೆ. ಬಿಟ್ಟು ಹೋದರೆ ಬಟ್ಟೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಅವ್ವನ ಬೆರಳುಗಳು ಗಾಳಿಯಲ್ಲೇ ಎಳೆ ಹುಡುಕಿ, ಹೊಸೆದು, ಗಂಟು ಹಾಕಿದವು. ಜಮಖಾನೆಯ ಆ ತುದಿಯಲ್ಲಿ ಅತ್ತಿಯ ಬೆರಳುಗಳೂ ಅವಳಿಗೆ ತಿಳಿಯದೆಯೇ ಹಾಗೇ ಆಡಿದ್ದನ್ನು ನಾನು ನೋಡಿದೆ.

ಕಾವಲಿನವರು ನೆಳ್ಳವ್ವನನ್ನು ಮಗ್ಗದ ಮುಂದೆ ಹಿಡಿದರು. ಭಂಡಾರ ತೆರೆದರೆ ಕಿರೀಟವಿಲ್ಲ. ಮಂತ್ರಿ ಅದನ್ನು ಮೊದಲೇ ಬೇರೆ ಕಡೆ ಸಾಗಿಸಿದ್ದ, ಅದು ಯಾರಿಗೂ ಗೊತ್ತಿರಲಿಲ್ಲ. ಒಡ್ಡೋಲಗ ಕೂಡಿತು. ಅರಮನೆಯೊಳಗೆ ಕಳ್ಳಿ ಸಿಕ್ಕಿದ್ದಾಳೆ, ಕಿರೀಟ ಇಲ್ಲ, ಮತ್ತೆ ಯಾರು ತಗೊಂಡಿರಬೇಕು ಎಂದು ಮಂತ್ರಿ ಕೇಳಿದ. ರಾಣಿ ಸತ್ಯವ್ವನ ಕಡೆ ತಿರುಗಿದಳು. ನಂದಾಗೆ ಭರಣಿಯ ಕಥೆ ಗೊತ್ತಿತ್ತೋ ಇಲ್ಲವೋ, ನಾನು ಇವತ್ತಿಗೂ ಕೇಳಿಲ್ಲ. ನೀಲಿ ದಾಳವನ್ನು ಅತ್ತಿಯ ಮುಂದೆ ಇಟ್ಟು ಹೇಳಿದಳು:

“ಸಣ್ಣಾಯಿ, ನೀ ಒಳಗ ಇರಲಿಲ್ಲ, ಕಣ್ಣಿಲೆ ನೋಡಿಲ್ಲ. ಸುಳ್ಳ ಆದ್ರ ನಿನ್ನ ಬಲಾ ಹೋಗ್ತೈತಿ. ಅಕಿ ತಗೊಂಡಾಳೋ ಇಲ್ಲೋ? ಏನ ಹೇಳ್ತಿ?”

ಅತ್ತಿ ದಾಳವನ್ನು ಮುಟ್ಟಲಿಲ್ಲ. ಅವ್ವ ನಕಾಶೆಯ ಅಂಚನ್ನು ಉಗುರಿನಿಂದ ಒತ್ತುತ್ತ ಕೂತಿದ್ದಳು. ಅತ್ತಿ ಗಂಟಲು ಸರಿಮಾಡಿಕೊಂಡು, ಲೂಮಿನ ಸಪ್ಪಳದ ಮೇಲೆ ದನಿ ಎತ್ತಿದಳು. ಸರಿಯಾಗಿ ಆಗಲೇ ಕರೆಂಟು ಹೋಯಿತು. ಓಣಿಯ ಲೂಮುಗಳೆಲ್ಲ ಒಮ್ಮೆಲೇ ನಿಂತವು.

“ಅಕಿ ತಗೊಂಡಿಲ್ಲ.”

ಆ ಮಾತು ಪಡಸಾಲೆ ದಾಟಿತು, ಕಟ್ಟೆ ದಾಟಿತು, ಓಣಿಯ ಈ ತುದಿಯಿಂದ ಆ ತುದಿಗೆ ಹೋಯಿತು. ಎದುರು ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಹೆಂಗಸು ತಲೆ ಎತ್ತಿ ನೋಡಿದಳು. ಲೂಮಿನಿಂದ ಎದ್ದು ಹೊರಗೆ ಬಂದ ಗಂಡಸರು ನಮ್ಮ ಬಾಗಿಲ ಕಡೆ ತಿರುಗಿದರು. ಅತ್ತಿಗೂ ತನ್ನ ದನಿ ಕೇಳಿಸಿತು. ಅಲ್ಲಿಗೆ ನಿಲ್ಲಿಸಬಹುದಿತ್ತು, ಆಟದ ಮಾತು ಎಂದು ನಕ್ಕುಬಿಡಬಹುದಿತ್ತು. ಅವಳು ಪೂರ್ತಿ ತಿರುಗಿ ಅವ್ವನ ಕಡೆ ಮುಖ ಮಾಡಿ ಕೂತಳು. ದನಿಯನ್ನು ಒಂದು ಎಳೆಯಷ್ಟೂ ಇಳಿಸಲಿಲ್ಲ.

“ವೈನಿ ಕಿರೀಟಾನೂ ತಗೊಂಡಿಲ್ಲ, ಅವತ್ತ ನನ್ನ ಭರಣಿನೂ ತಗೊಂಡಿರಲಿಲ್ಲ. ಭರಣಿ ದೇವರ ಜಗಲಿ ಹಿಂದ ಬಿದ್ದಿತ್ತು. ಸಿಕ್ಕದ್ದೂ ನನಗ. ಅವತ್ತ ಹೇಳಬೇಕಿತ್ತು. ಹೇಳಾಕ ಬಾಯಿ ಬರಲಿಲ್ಲ. ದಿನಾ ಹೋದಂಗ ಇನ್ನಷ್ಟ ಬರದಂಗಾತು.”

ನಂದಾ ಮೆಲ್ಲಗೆ, ಆಟದ ನಿಯಮ ಬಿಡಲಾರದೆ, “ಸಭಾ ನಂಬಬೇಕಂದ್ರ ದಾಳ ಉರಳಸಬೇಕು ಸಣ್ಣಾಯಿ” ಎಂದಳು.

“ಖರೆ ಹೇಳಾಕ ದಾಳ ಯಾಕ ಬೇಕು?” ಎಂದಳು ಅತ್ತಿ.

ಅವ್ವ ಕಣ್ಣು ಒರೆಸಿಕೊಳ್ಳಲಿಲ್ಲ, ಅವು ತುಂಬಿ ಹರಿಯುತ್ತಿದ್ದವು. ಓಣಿಯ ಮಂದಿಯನ್ನು ಒಮ್ಮೆ ನೋಡಿದಳು, ಎಲ್ಲರೂ ಕೇಳಿದರೋ ಎಂದು ಎಣಿಸುವ ಹಾಗೆ. ಆಮೇಲೆ ಅತ್ತಿಯ ಮುಂದೆ ಶಶಿ ತಂದಿಟ್ಟಿದ್ದ ಚಹಾದ ಕಪ್ಪನ್ನು ಅವಳ ಕಡೆ ಸರಿಸಿದಳು.

“ಗಂಗಾ, ಚಾ ಆರಾಕತ್ತೈತಿ. ಕುಡಿ.”

ಅತ್ತಿ ಕುಡಿದಳು. ಅರ್ಧ ಸೀರೆಯ ಮೇಲೆ ಚೆಲ್ಲಿಕೊಂಡಳು. ಬೆಕ್ಕು ಬಾಗಿಲಲ್ಲಿ ಕೂತು ತನ್ನ ಸರದಿಗಾಗಿ ಕಾಯುತ್ತಿತ್ತು, ಅದನ್ನು ಯಾರೂ ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಕರೆಂಟು ಬಂತು, ಲೂಮುಗಳು ಸುರುವಾದವು, ಅವರಿಬ್ಬರೂ ಆಮೇಲೆ ಏನೇನು ಮಾತಾಡಿಕೊಂಡರೋ ಆ ಸಪ್ಪಳದಲ್ಲಿ ನಮಗೆ ಕೇಳಿಸಲಿಲ್ಲ. ಸಂಜೆ ಜಮಖಾನೆ ಎತ್ತುವಾಗ ನೀಲಿ ದಾಳ ಸಿಗಲಿಲ್ಲ. ನಂದಾ ಚುರುಮುರಿಯ ಬುಟ್ಟಿಯನ್ನೂ ಜಾಲಾಡಿದಳು. ಕೊನೆಗೆ ಬೇರೊಂದು ದಾಳ ತರಿಸಿಕೊಂಡಳು. ಆಟ ನಡೆದೇ ಇದೆ, ಮಾಂತ್ರಿಕ ಇನ್ನೂ ಕೆಲವು ಸಲ ಸತ್ತಿದ್ದಾನೆ.

ಆ ದಾಳವೇ ಹೋದ ವಾರ ನನ್ನ ಹಲ್ಲಿಗೆ ಸಿಕ್ಕಿದ್ದು. ನೂಲಿನ ಗಾಡಿ ಓಣಿಯ ತಿರುವಿನಲ್ಲಿ ಮರೆಯಾದರೂ ಅವ್ವ ಆ ಕಡೆಯೇ ನೋಡುತ್ತಿದ್ದಳು. ಇಡೀ ಜನ್ಮದಲ್ಲಿ ನೆಳ್ಳವ್ವ ಕದ್ದದ್ದು ಇದೊಂದೇ. ನಾನು ಬಗ್ಗಿ ಅವ್ವನಾಚೆ ಕೂತಿದ್ದ ಅತ್ತಿಗೆ ದಾಳ ತೋರಿಸಿದೆ.

“ಅತ್ತೀ, ಇದನ್ನ ಯಾರ ತಗೊಂಡಿದ್ರು? ನಿನಗ ಗೊತ್ತಿತ್ತೇನು?”

ಅತ್ತಿ ದಾಳವನ್ನು ನೋಡಿದಳು, ಅವ್ವನನ್ನು ನೋಡಿದಳು.

“ನನ್ನ ಕೇಳಬ್ಯಾಡಪಾ,” ಎಂದಳು. “ಯಾರ ತಗೊಂಡ್ರು ಅಂತ ಕೇಳೂದನ್ನ ನಾ ಬಿಟ್ಟೇನಿ.”

ಅವ್ವ ಓಣಿಯಿಂದ ಕಣ್ಣು ತೆಗೆಯದೆ ನನ್ನ ಕಡೆ ಚಂಚಿ ಚಾಚಿದಳು. ನಾನು ದಾಳವನ್ನು ಪಂಚೆಯ ಅಂಚಿನಿಂದ ಒರೆಸಿ, ಲವಂಗದ ಪಕ್ಕ ಅದು ಮೊದಲಿದ್ದ ಜಾಗದಲ್ಲೇ ಇಟ್ಟೆ.